ಸಂಡೂರಿನ ಅದಿರಿಗೆ ಮ್ಯಾಗ್ನೆಟ್ ಯಾಕೆ ಅಂಟೋದಿಲ್ಲ?

ಸಂಡೂರಿನಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಕೆಂಪು ಅದಿರಿನ ಕಲ್ಲು ಎತ್ತಿಕೊಳ್ಳಿ. ಹುಡುಕುವ ಕಷ್ಟವೇನೂ ಇಲ್ಲ, ಲಾರಿಗಳು ಉದುರಿಸಿಕೊಂಡೇ ಹೋಗಿರುತ್ತವೆ. ಹಳೇ ಸ್ಪೀಕರ್ ಬಿಚ್ಚಿ ತೆಗೆದ ಮ್ಯಾಗ್ನೆಟ್ ಒಂದನ್ನು ಅದಕ್ಕೆ ಹಿಡಿಯಿರಿ. ಹತ್ತರಲ್ಲಿ ಎಂಟೊಂಬತ್ತು ಕಲ್ಲು ಅಲುಗುವುದೇ ಇಲ್ಲ. ಈ ಅದಿರು ಬಹುತೇಕ ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಒಂದು ಖನಿಜ. ಶುದ್ಧ ಹೆಮಟೈಟಿನ ತೂಕದಲ್ಲಿ ಶೇ. 70ರಷ್ಟು ಕಬ್ಬಿಣವೇ ಇರುತ್ತದೆ. ಇಷ್ಟು ಕಬ್ಬಿಣ ಇದ್ದೂ ಮ್ಯಾಗ್ನೆಟ್ಟಿಗೆ ಅದು ಬೇಡ. ಅದೇ ಮ್ಯಾಗ್ನೆಟ್ಟನ್ನು ರಸ್ತೆ ಬದಿಯ ಧೂಳಿನಲ್ಲಿ ಒಮ್ಮೆ ಎಳೆಯಿರಿ. ಕೆಂಪು ಪುಡಿ ಕೆಳಗೇ ಉಳಿಯುತ್ತದೆ, ಸಣ್ಣ ಕಪ್ಪು ಕಣಗಳು ಮಾತ್ರ ಓಡಿ ಬಂದು ಅಂಟುತ್ತವೆ. ಅದರಲ್ಲಿ ಒಂದಿಷ್ಟು ಮ್ಯಾಗ್ನೆಟೈಟ್ (ಅದೂ ಕಬ್ಬಿಣ, ಆಮ್ಲಜನಕದ್ದೇ ಇನ್ನೊಂದು ಖನಿಜ), ಒಂದಿಷ್ಟು ಉಕ್ಕಿನ ಚೂರು.

ಕೆಂಪು ಪುಡಿಯಲ್ಲೂ ಕಬ್ಬಿಣ, ಕಪ್ಪು ಕಣದಲ್ಲೂ ಕಬ್ಬಿಣ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಪರಮಾಣು ಯಾವುದು ಅನ್ನುವುದರಲ್ಲಿ ಅಲ್ಲ, ಅದು ಎಲ್ಲಿ ಕೂತಿದೆ, ಪಕ್ಕದವರು ಯಾವ ಕೋನದಲ್ಲಿದ್ದಾರೆ ಅನ್ನುವುದರಲ್ಲಿ. ಹರಳಿನೊಳಗೆ ಪರಮಾಣುಗಳು ಕೂತಿರುವ ಈ ಜೋಡಣೆಗೆ ಲ್ಯಾಟಿಸ್ ಅನ್ನುತ್ತಾರೆ. ಜೋಡಣೆ ಬದಲಾದರೆ ಕಾಂತಗುಣ ಬದಲಾಗುತ್ತದೆ. ಕೆಲವು ಜೋಡಣೆಗಳಲ್ಲಂತೂ ಶಾಲೆಯ ಪುಸ್ತಕದಲ್ಲಿ ಹೆಸರೇ ಇರದಂಥ ಕಾಂತಸ್ಥಿತಿಗಳು ಹುಟ್ಟುತ್ತವೆ. ಈಗ ‘ಕ್ವಾಂಟಮ್ ವಸ್ತು’ ಅನ್ನುವ ಹೆಸರಿನಲ್ಲಿ ಜಗತ್ತಿನ ಪ್ರಯೋಗಾಲಯಗಳಲ್ಲಿ ನಡೆದಿರುವ ಓಟದ ಒಂದು ದೊಡ್ಡ ಪಾಲು ಇದೇ.

ಈ ಮಾತು ಈಗ ಯಾಕೆ ಅಂದರೆ, ಕ್ವಾಂಟಮ್ ಅನ್ನುವುದು ಈಗ ಸರಕಾರಿ ಬಜೆಟ್ಟಿನ ಪದವೂ ಆಗಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್ ಬೆಂಗಳೂರಿನ ಐಐಎಸ್‌ಸಿಗೆ ಬಂತು. ವಸ್ತು ಮತ್ತು ಸಾಧನಗಳ ಕೇಂದ್ರ ದೆಹಲಿಯ ಐಐಟಿಗೆ ಹೋಯಿತು. 2025ರಲ್ಲಿ ರಾಜ್ಯ ಸರಕಾರ 1,000 ಕೋಟಿಯ ಮಾತಾಡಿತು, ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿಗೆ ಜಾಗ ತೋರಿಸಿತು. ಆಗ ವಿಜ್ಞಾನ ತಂತ್ರಜ್ಞಾನ ಖಾತೆ ಇದ್ದದ್ದು ನಮ್ಮ ರಾಯಚೂರು ಕಡೆಯ ಎನ್.ಎಸ್. ಬೋಸರಾಜು ಅವರ ಕೈಯಲ್ಲಿ. ಸುದ್ದಿಯೆಲ್ಲ ಕಂಪ್ಯೂಟರಿನ ಬಗ್ಗೆಯೇ ಇತ್ತು. ಆದರೆ ಆ ಕಂಪ್ಯೂಟರು, ಸೆನ್ಸರು ಎಲ್ಲ ನಿಂತಿರುವುದು ವಸ್ತುಗಳ ಮೇಲೆ, ಮತ್ತು ವಸ್ತುಗಳ ಸುದ್ದಿಯಲ್ಲಿ ಕಾಳಿಗಿಂತ ಜೊಳ್ಳು ಜಾಸ್ತಿ. ಅದನ್ನು ಜರಡಿ ಹಿಡಿಯುವುದಕ್ಕೆ ಬಳ್ಳಾರಿಯ ಅದಿರಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಕೊಪ್ಪಳದ ಗಿಣಿಗೇರಾ ಕಡೆ ಹೋಗೋಣ. ಅಲ್ಲಿ ಸ್ಪಾಂಜ್ ಐರನ್ ಮಾಡುತ್ತಾರೆ. ಅದಿರು ಮತ್ತು ಕಲ್ಲಿದ್ದಲನ್ನು ಉದ್ದನೆಯ ತಿರುಗುವ ಕಿಲ್ನ್ (ಕುಲುಮೆ) ಒಳಗೆ ಹಾಕಿ ಸುಮಾರು 1,000 ಡಿಗ್ರಿಗೆ ಕಾಯಿಸುತ್ತಾರೆ. ಅದಿರು ಕರಗುವುದಿಲ್ಲ, ಅದರೊಳಗಿನ ಆಮ್ಲಜನಕ ಮಾತ್ರ ಹಂತ ಹಂತವಾಗಿ ಹೋಗುತ್ತದೆ. ಹೆಮಟೈಟ್ ಮೊದಲು ಮ್ಯಾಗ್ನೆಟೈಟ್ ಆಗುತ್ತದೆ, ಆಮೇಲೆ ವುಸ್ಟೈಟ್ ಅನ್ನುವ ಇನ್ನೊಂದು ಆಕ್ಸೈಡ್, ಕೊನೆಗೆ ಕಬ್ಬಿಣ. ಪ್ರತಿ ಹಂತದಲ್ಲೂ ಅದೇ ಕಬ್ಬಿಣದ ಪರಮಾಣುಗಳು ಹೊಸ ಜೋಡಣೆಯಲ್ಲಿ ಕೂರುತ್ತವೆ. ಕಿಲ್ನ್ ಬಿಸಿಯಲ್ಲಿ ಯಾವುದಕ್ಕೂ ಕಾಂತಗುಣ ಇರುವುದಿಲ್ಲ. ತಣ್ಣಗಾದ ಮೇಲೆ ನೋಡಿದರೆ ನಾಲ್ಕಕ್ಕೂ ನಾಲ್ಕು ಬೇರೆ ಸ್ವಭಾವ. ಕಬ್ಬಿಣ ಜೋರಾದ ಮ್ಯಾಗ್ನೆಟ್. ಮ್ಯಾಗ್ನೆಟೈಟ್ ಕೂಡ ಜೋರೇ, ಆದರೆ ಅದರ ಲೆಕ್ಕ ಬೇರೆ. ವುಸ್ಟೈಟ್ ಮೈನಸ್ 75 ಡಿಗ್ರಿ ಆಸುಪಾಸಿಗೆ ಇಳಿಯುವ ತನಕ ಸುಮ್ನೆ ಇರುತ್ತದೆ. ಹೆಮಟೈಟ್ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಕಾರ್ಖಾನೆಯವರಿಗೆ ಈ ವ್ಯತ್ಯಾಸ ದಿನದ ಕೆಲಸ. ಕೂಲರ್‌ನಿಂದ ಹೊರಬಂದ ಮಾಲನ್ನು ಮ್ಯಾಗ್ನೆಟಿಕ್ ಸೆಪರೇಟರ್ ಮೇಲೆ ಬಿಟ್ಟರೆ ಸ್ಪಾಂಜ್ ಐರನ್ ಒಂದು ಕಡೆ, ಉಳಿದ ಇದ್ದಲ ಚೂರು ಇನ್ನೊಂದು ಕಡೆ.

ಕಬ್ಬಿಣದ್ದೇ ಇನ್ನೊಂದು ರೂಪ ಅಡಿಗೆಮನೆಯಲ್ಲಿದೆ. ಪಾತ್ರೆ ಅಂಗಡಿಯಲ್ಲಿ ಕೆಲವರು ಸ್ಟೀಲ್ ಲೋಟಕ್ಕೆ ಮ್ಯಾಗ್ನೆಟ್ ಹಿಡಿದು ನೋಡುತ್ತಾರೆ. ನಿಕ್ಕಲ್ ಹಾಕಿದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣವೇ ಮುಕ್ಕಾಲು ಪಾಲಿನ ಹತ್ತಿರ. ಆದರೂ ಅಂಟುವುದಿಲ್ಲ. ಸಾದಾ ಕಬ್ಬಿಣದಲ್ಲಿ ಪರಮಾಣುಗಳು ಘನದ ಎಂಟು ಮೂಲೆಯಲ್ಲಿ ಮತ್ತು ನಟ್ಟನಡುವೆ ಕೂತಿರುತ್ತವೆ. ಈ ಸ್ಟೀಲಿನಲ್ಲಿ ಮೂಲೆಗಳಲ್ಲಿ ಮತ್ತು ಘನದ ಆರು ಮುಖಗಳ ನಡುವೆ. ಇಷ್ಟರಲ್ಲೇ ಮ್ಯಾಗ್ನೆಟ್ಟಿನ ಹಿಡಿತ ತಪ್ಪಿತು.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಮ್ಯಾಗ್ನೆಟ್ಟೇ. ಅದರ ದಿಕ್ಕನ್ನು ಒಂದು ಬಾಣದಿಂದ ತೋರಿಸುತ್ತಾರೆ, ಸ್ಪಿನ್ ಅನ್ನುತ್ತಾರೆ. ಎಲ್ಲ ಬಾಣಗಳೂ ಒಂದೇ ಕಡೆ ಮುಖ ಮಾಡಿದರೆ ನಮಗೆ ಗೊತ್ತಿರುವ ಮ್ಯಾಗ್ನೆಟ್. ಒಂದು ಮೇಲೆ, ಪಕ್ಕದ್ದು ಕೆಳಗೆ ಅಂತ ನಿಂತರೆ ಒಂದನ್ನೊಂದು ರದ್ದು ಮಾಡುತ್ತವೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಒಳಗೆ ಮಾತ್ರ ಕಟ್ಟುನಿಟ್ಟಾದ ಶಿಸ್ತು. ಇದು ಆಂಟಿಫೆರೋಮ್ಯಾಗ್ನೆಟ್. ಆಕ್ಸೈಡುಗಳಲ್ಲಿ ಎರಡು ಕಬ್ಬಿಣದ ಪರಮಾಣುಗಳು ನೇರವಾಗಿ ಮಾತಾಡುವುದು ಕಡಿಮೆ, ನಡುವಿನ ಆಮ್ಲಜನಕದ ಮೂಲಕವೇ ಸಂಬಂಧ. ಕಬ್ಬಿಣ–ಆಮ್ಲಜನಕ–ಕಬ್ಬಿಣ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿದ್ದರೆ ಬಾಣಗಳು ಎದುರುಬದುರಾಗಲು ಬಲವಾದ ಒತ್ತಡ ಇರುತ್ತದೆ. ಆ ಕೋನ 90 ಡಿಗ್ರಿಯ ಹತ್ತಿರ ಬಂದರೆ ಒತ್ತಡ ಇಳಿಯುತ್ತದೆ, ಕೆಲವು ಸಲ ತಿರುಗಿಯೂ ಬೀಳುತ್ತದೆ. ಲ್ಯಾಟಿಸ್ ನಿರ್ಧರಿಸುವುದು ಈ ಕೋನಗಳನ್ನೇ.

ಮ್ಯಾಗ್ನೆಟೈಟ್ ಒಳಗೆ ಕಬ್ಬಿಣಕ್ಕೆ ಎರಡು ಬಗೆಯ ಜಾಗ ಇದೆ. ಒಂದರ ಸುತ್ತ ನಾಲ್ಕು ಆಮ್ಲಜನಕ, ಇನ್ನೊಂದರ ಸುತ್ತ ಆರು. ನಾಲ್ಕರ ಮನೆಯವರು ಒಂದು ಕಡೆ, ಆರರ ಮನೆಯವರು ಎದುರು ಕಡೆ. ಆರರ ಮನೆಗಳ ಸಂಖ್ಯೆ ಎರಡು ಪಟ್ಟು, ಹಾಗಾಗಿ ರದ್ದಾದ ಮೇಲೂ ಸಾಕಷ್ಟು ಉಳಿಯುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ತೆಗೆಯುತ್ತಿದ್ದದ್ದು ಈ ಅದಿರು. ಹೆಮಟೈಟಿನಲ್ಲಿ ಎಲ್ಲ ಕಬ್ಬಿಣಕ್ಕೂ ಒಂದೇ ಬಗೆಯ ಜಾಗ, ಸುತ್ತ ಆರು ಆಮ್ಲಜನಕ. ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ಒಂದು ಪದರದ ಬಾಣಗಳೆಲ್ಲ ಒಂದು ಕಡೆ, ಮುಂದಿನ ಪದರದ್ದು ಎದುರು ಕಡೆ. ಎರಡೂ ಸಮ. ಲೆಕ್ಕ ಸೊನ್ನೆ ಆಗಬೇಕು.

ಸೊನ್ನೆ ಆಗುವುದಿಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸುವ ಭಾಗ ಇದು. ಹೆಮಟೈಟಿಗೆ ಒಂದು ಸಣ್ಣ ಕಾಂತಗುಣ ಇದೆ. ಮ್ಯಾಗ್ನೆಟೈಟಿಗೆ ಹೋಲಿಸಿದರೆ 200 ಪಟ್ಟಿಗಿಂತಲೂ ದುರ್ಬಲ, ಆದರೆ ಇದೆ. ಫ್ರಾನ್ಸಿನ ಲೂಯಿ ನೀಲ್ ಆಂಟಿಫೆರೋಮ್ಯಾಗ್ನೆಟ್ ಅನ್ನುವ ಕಲ್ಪನೆಯನ್ನೇ ಕಟ್ಟಿದವರು. ಅಮೆರಿಕದ ಕ್ಲಿಫರ್ಡ್ ಶಲ್ ಮತ್ತು ಜೊತೆಗಾರರು 1951ರಲ್ಲಿ ಹೆಮಟೈಟಿನ ಮೇಲೆ ನ್ಯೂಟ್ರಾನ್ ಕಣಗಳನ್ನು ಹಾಯಿಸಿ (ಇವು ಬಾಣಗಳ ದಿಕ್ಕನ್ನು ಗುರುತಿಸಬಲ್ಲವು), ಪದರಗಳು ನಿಜವಾಗಿಯೂ ಎದುರುಬದುರಾಗಿವೆ ಅಂತ ತೋರಿಸಿದರು. ಅದಕ್ಕೆ ಒಂದು ವರ್ಷ ಮುಂಚೆ ಮೋರಿನ್ ಅನ್ನುವವರು ಇನ್ನೊಂದು ವಿಚಿತ್ರ ಕಂಡಿದ್ದರು: ಸುಮಾರು ಮೈನಸ್ 13 ಡಿಗ್ರಿಗಿಂತ ತಣ್ಣಗಾದರೆ ಆ ಸಣ್ಣ ಕಾಂತಗುಣ ಮಾಯ! ಬಳ್ಳಾರಿಯಲ್ಲಿ ಇರುವುದು ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಅಂತ ಹೊರಗಿನವರು ತಮಾಷೆ ಮಾಡುತ್ತಾರಲ್ಲ, ನಮ್ಮ ಅದಿರು ತಾನಾಗಿ ಆ ಸ್ಥಿತಿ ಕಾಣುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಈ ಅಳಿದುಳಿದ ಕಾಂತಗುಣ ಎಲ್ಲಿಂದ? ಆಗ ಹಲವರ ಅನುಮಾನ ಕಲಬೆರಕೆಯ ಮೇಲೆ. ಹೆಮಟೈಟಿನಲ್ಲಿ ಎಲ್ಲೋ ಒಂದು ಚೂರು ಮ್ಯಾಗ್ನೆಟೈಟ್ ಸೇರಿರಬೇಕು, ಇಲ್ಲವೇ ಹರಳಿನಲ್ಲಿ ಏನೋ ದೋಷ ಇರಬೇಕು. ಈ ಅನುಮಾನ ತಪ್ಪೇನಲ್ಲ. ನಮ್ಮ ಸಂಡೂರಿನ ಕಲ್ಲುಗಳಲ್ಲೇ ಕೆಲವು ಮ್ಯಾಗ್ನೆಟ್ಟನ್ನು ಸ್ವಲ್ಪ ಎಳೆಯುತ್ತವೆ, ಮೂಲದ ಮ್ಯಾಗ್ನೆಟೈಟ್ ಪೂರ್ತಿ ಹೆಮಟೈಟ್ ಆಗದೆ ಒಳಗೆ ಉಳಿದಿರುತ್ತದೆ. ಆದರೆ ಎಷ್ಟು ಶುದ್ಧ ಮಾಡಿದರೂ ಆ ಗುಣ ಹೋಗಲಿಲ್ಲ.

1958ರಲ್ಲಿ ಸೋವಿಯತ್ ಒಕ್ಕೂಟದ ಇಗೋರ್ ಜ್ಯಾಲೊಶಿನ್‌ಸ್ಕಿ ಉತ್ತರ ಕೊಟ್ಟರು. ಅವರು ಹೊಸ ಪ್ರಯೋಗ ಮಾಡಲಿಲ್ಲ. ಹರಳಿನ ಸಮ್ಮಿತಿಯನ್ನು ಮಾತ್ರ ನೋಡಿದರು, ಅಂದರೆ ಅದನ್ನು ಹೇಗೆ ತಿರುಗಿಸಿದರೆ, ಹೇಗೆ ಬುಡಮೇಲು ಮಾಡಿದರೆ ಮೊದಲಿನಂತೆಯೇ ಕಾಣುತ್ತದೆ ಅನ್ನುವುದನ್ನು. ಹೆಮಟೈಟಿನ ಜೋಡಣೆಯಲ್ಲಿ ಎದುರುಬದುರು ಬಾಣಗಳು ಪೂರ್ತಿ ಎದುರುಬದುರಾಗಿಯೇ ನಿಲ್ಲಬೇಕು ಅನ್ನುವ ಕಟ್ಟಳೆ ಇಲ್ಲ, ಎರಡೂ ಚೂರು ಒಂದೇ ಕಡೆ ವಾಲಬಹುದು ಅಂತ ಅವರು ತೋರಿಸಿದರು. ವಾಲುವುದು ಒಂದು ಡಿಗ್ರಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಆ ವಾಲುವಿಕೆಯೇ ನಾವು ಅಳೆಯುವ ಕಾಂತಗುಣ. ತಣ್ಣಗಾದಾಗ ಬಾಣಗಳು ಪದರದಲ್ಲಿ ಮಲಗಿದ್ದವು ಎದ್ದು ನೇರ ನಿಲ್ಲುತ್ತವೆ, ಆ ದಿಕ್ಕಿನಲ್ಲಿ ವಾಲಲು ಸಮ್ಮಿತಿ ಬಿಡುವುದಿಲ್ಲ, ಹಾಗಾಗಿ ಮಾಯ. 1960ರಲ್ಲಿ ಜಪಾನಿನ ತೋರು ಮೊರಿಯಾ ಇದರ ಹಿಂದಿನ ಕ್ವಾಂಟಮ್ ಕಾರಣ ಬಿಡಿಸಿ ಹೇಳಿದರು. ಇವತ್ತು ಸ್ಪಿನ್ ತಂತ್ರಜ್ಞಾನದ ಯಾವ ಲೇಖನ ತೆರೆದರೂ ಇವರಿಬ್ಬರ ಜೋಡಿ ಹೆಸರು ಸಿಗುತ್ತದೆ. ಮೂಲ ಮಾತ್ರ ಈ ಕೆಂಪು ಕಲ್ಲು.

ಒಂದೇ ಲ್ಯಾಟಿಸ್ ಇದ್ದರೆ ಸಾಕಾ? ಸಾಲದು. ಕ್ರೋಮಿಯಂ ಆಕ್ಸೈಡ್ ಕೂಡ ಹೆಮಟೈಟಿನ ಅಚ್ಚಿನಲ್ಲೇ ಇದೆ, ಪರಮಾಣುಗಳ ಜಾಗ ಎಲ್ಲ ಅದೇ. ಒಂದು ಗೆರೆಯಲ್ಲಿ ನಾಲ್ಕು ಪರಮಾಣು ನೋಡಿದರೆ ಹೆಮಟೈಟಿನಲ್ಲಿ ಬಾಣಗಳು ಮೇಲೆ, ಕೆಳಗೆ, ಕೆಳಗೆ, ಮೇಲೆ. ಕ್ರೋಮಿಯಂ ಆಕ್ಸೈಡಿನಲ್ಲಿ ಮೇಲೆ, ಕೆಳಗೆ, ಮೇಲೆ, ಕೆಳಗೆ. ವ್ಯತ್ಯಾಸ ಇಷ್ಟೇ. ಆದರೆ ಈಗ ನಡುವೆ ನಿಂತು ಹರಳನ್ನು ಬುಡಮೇಲು ಮಾಡಿ ನೋಡಿ, ಅಂದರೆ ಪರಮಾಣುಗಳ ಜಾಗ ಮಾತ್ರ ಅದಲುಬದಲು ಮಾಡಿ, ಬಾಣಗಳ ದಿಕ್ಕು ಇದ್ದ ಹಾಗೇ ಇರಲಿ. ಹೆಮಟೈಟಿನಲ್ಲಿ ಮೇಲಿನ ಬಾಣದ ಜಾಗಕ್ಕೆ ಮೇಲಿನ ಬಾಣವೇ ಬರುತ್ತದೆ. ಕ್ರೋಮಿಯಂ ಆಕ್ಸೈಡಿನಲ್ಲಿ ಕೆಳಗಿನ ಬಾಣ ಬರುತ್ತದೆ. ಅದಕ್ಕೇ ಅಲ್ಲಿ ವಾಲುವಿಕೆಗೆ ಅವಕಾಶ ಇಲ್ಲ. ಜ್ಯಾಲೊಶಿನ್‌ಸ್ಕಿ ಅದನ್ನೂ ಆಗಲೇ ಹೇಳಿದ್ದರು.

ಇಲ್ಲಿಂದ 2022ಕ್ಕೆ ಜಿಗಿಯಬಹುದು. ಲಿಬೋರ್ ಶ್ಮೈಕಲ್, ಹೈರೋ ಸಿನೋವಾ, ತೊಮಾಷ್ ಯುಂಗ್‌ವಿರ್ತ್ ಅನ್ನುವ ಮೂವರು, ಜರ್ಮನಿಯ ಮೈನ್ಜ್ ಮತ್ತು ಪ್ರಾಗ್ ನಗರದಲ್ಲಿ ಕೆಲಸ ಮಾಡುವವರು, ಕಾಂತವಸ್ತುಗಳ ಪಟ್ಟಿಗೆ ಹೊಸದೊಂದು ಜಾತಿ ಸೇರಿಸಬೇಕು ಅಂದರು. ಹೆಸರು ಆಲ್ಟರ್‌ಮ್ಯಾಗ್ನೆಟ್. ವಿಷಯ ಇಷ್ಟು. ಸಾಮಾನ್ಯ ಆಂಟಿಫೆರೋಮ್ಯಾಗ್ನೆಟ್‌ನಲ್ಲಿ ಮೇಲಿನ ಬಾಣದ ಪರಮಾಣುವನ್ನು ಸುಮ್ನೆ ಪಕ್ಕಕ್ಕೆ ಸರಿಸಿದರೆ, ಇಲ್ಲವೇ ಬುಡಮೇಲು ಮಾಡಿದರೆ, ಕೆಳಗಿನ ಬಾಣದ ಪರಮಾಣುವಿನ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಅಲ್ಲಿ ಓಡಾಡುವ ಎಲೆಕ್ಟ್ರಾನಿಗೆ ಮೇಲಿನವರು, ಕೆಳಗಿನವರು ಅನ್ನುವ ಭೇದ ಇಲ್ಲ. ಆಲ್ಟರ್‌ಮ್ಯಾಗ್ನೆಟ್‌ನಲ್ಲಿ ಸರಿಸಿದರೆ ಹೊಂದುವುದಿಲ್ಲ, ತಿರುಗಿಸಲೇಬೇಕು. ಯಾಕೆಂದರೆ ಸುತ್ತಲಿನ ಆಮ್ಲಜನಕದಂಥ ಪರಮಾಣುಗಳು ಒಂದರ ಸುತ್ತ ಒಂದು ಕಡೆ ತಿರುಚಿಕೊಂಡಿವೆ, ಇನ್ನೊಂದರ ಸುತ್ತ ಇನ್ನೊಂದು ಕಡೆ. ಫಲ ಏನೆಂದರೆ, ಒಂದು ದಿಕ್ಕಿನಲ್ಲಿ ಮೇಲಿನ ಸ್ಪಿನ್‌ನ ಎಲೆಕ್ಟ್ರಾನ್‌ಗಳಿಗೆ ದಾರಿ ಸಲೀಸು, ಇನ್ನೊಂದು ದಿಕ್ಕಿನಲ್ಲಿ ಕೆಳಗಿನ ಸ್ಪಿನ್‌ನವಕ್ಕೆ. ಒಟ್ಟು ಕಾಂತಗುಣ ಸೊನ್ನೆ, ಆದರೂ ಎಲೆಕ್ಟ್ರಾನ್‌ಗಳು ಮ್ಯಾಗ್ನೆಟ್ ಒಳಗಿದ್ದ ಹಾಗೆ ಬೇರೆಯಾಗುತ್ತವೆ.

ಇದರ ಆಸೆ ಯಾಕೆ ಅಂದರೆ ಮೆಮೊರಿ ಚಿಪ್. ಮಾಮೂಲಿ ಮ್ಯಾಗ್ನೆಟ್ ಅಕ್ಕಪಕ್ಕದವಕ್ಕೆ ತನ್ನ ಕ್ಷೇತ್ರ ಹರಡುತ್ತದೆ, ತೀರಾ ಒತ್ತಾಗಿ ಜೋಡಿಸಲು ಆಗುವುದಿಲ್ಲ. ಆಂಟಿಫೆರೋಮ್ಯಾಗ್ನೆಟ್ ಹರಡುವುದಿಲ್ಲ, ವೇಗವೂ ಜಾಸ್ತಿ, ಆದರೆ ಬರೆದದ್ದನ್ನು ಓದುವುದೇ ಕಷ್ಟ. ನೀಲ್ ತಮ್ಮ 1970ರ ನೊಬೆಲ್ ಭಾಷಣದಲ್ಲೇ ಇವು ಕುತೂಹಲದ ವಸ್ತುಗಳು, ಉಪಯೋಗ ಮಾತ್ರ ಕಾಣುವುದಿಲ್ಲ ಅನ್ನುವ ಅರ್ಥದ ಮಾತು ಹೇಳಿದ್ದರು. ಆಲ್ಟರ್‌ಮ್ಯಾಗ್ನೆಟ್ ಎರಡರ ಒಳ್ಳೆಯದನ್ನೂ ಕೊಡಬಹುದು ಅನ್ನುವುದು ಈಗಿನ ಲೆಕ್ಕಾಚಾರ. 2024ರಲ್ಲಿ ಮ್ಯಾಂಗನೀಸ್ ಟೆಲ್ಯುರೈಡ್ ಅನ್ನುವ ವಸ್ತುವಿನಲ್ಲಿ ಎಲೆಕ್ಟ್ರಾನ್‌ಗಳು ಸ್ಪಿನ್ ಪ್ರಕಾರ ಬೇರೆಯಾಗುವ ಈ ಸೀಳನ್ನು ನೇರವಾಗಿ ಅಳೆದರು. ಈ ಕುಟುಂಬದ ಉಮೇದುವಾರರ ಪಟ್ಟಿಯಲ್ಲಿ ಹೆಮಟೈಟ್ ಹೆಸರೂ ಇದೆ. ಕ್ರೋಮಿಯಂ ಆಕ್ಸೈಡ್ ಇಲ್ಲ. ಕಾರಣ ಮೇಲೆ ಹೇಳಿದ ಆ ನಾಲ್ಕು ಬಾಣಗಳ ಕ್ರಮವೇ.

ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದ್ದದ್ದು ಮಾತ್ರ ರುಥೇನಿಯಂ ಡೈಆಕ್ಸೈಡ್. ಲೇಖನದ ಮೇಲೆ ಲೇಖನ, ಪ್ರಯೋಗದ ಮೇಲೆ ಪ್ರಯೋಗ. 2024ರಲ್ಲಿ ಶುದ್ಧ ಹರಳುಗಳ ಒಳಗೆ, ಅಲ್ಲಿನ ಕಾಂತಕ್ಷೇತ್ರವನ್ನು ಪತ್ತೆ ಮಾಡಬಲ್ಲ ಮ್ಯುಆನ್ ಕಣಗಳನ್ನು ಬಿಟ್ಟು, ನ್ಯೂಟ್ರಾನ್ ಹಾಯಿಸಿ ಮತ್ತೆ ಪರೀಕ್ಷೆ ಮಾಡಿದರು. ಅಳೆಯುವಂಥ ಕಾಂತಗುಣವೇ ಅಲ್ಲಿ ಸಿಗಲಿಲ್ಲ. ಮ್ಯಾಗ್ನೆಟ್ಟೇ ಅಲ್ಲದ್ದು ಆಲ್ಟರ್‌ಮ್ಯಾಗ್ನೆಟ್ ಹೇಗಾಗುತ್ತದೆ? ತೆಳು ಪದರಗಳಲ್ಲಿ ಇರಬಹುದು, ಪರಮಾಣು ಕೊರತೆ ಇರುವ ಮಾದರಿಗಳಲ್ಲಿ ಬರಬಹುದು ಅಂತ ವಾದ ಇನ್ನೂ ನಡೆದಿದೆ. ನನ್ನ ಕಣ್ಣಿಗೆ ಇದು 1950ರ ದಶಕದ ಹೆಮಟೈಟ್ ಕಥೆಯ ಉಲ್ಟಾ. ಅಲ್ಲಿ ಕಲಬೆರಕೆ ಅಂದುಕೊಂಡದ್ದು ಲ್ಯಾಟಿಸ್ಸಿನ ಗುಣ ಆಗಿತ್ತು. ಇಲ್ಲಿ ಲ್ಯಾಟಿಸ್ಸಿನ ಗುಣ ಅಂತ ಸಂಭ್ರಮ ಪಟ್ಟದ್ದು ಮಾದರಿಯ ದೋಷ ಇರಬಹುದು. ಕ್ವಾಂಟಮ್ ವಸ್ತುಗಳ ಯಾವ ದೊಡ್ಡ ಸುದ್ದಿಗೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಒಂದು ಲೋಡ್ ಅದಿರು ಬಂದರೂ ಸ್ಯಾಂಪಲ್ ತೆಗೆದು ಗ್ರೇಡ್ ನೋಡದೆ ರೇಟು ಹೇಳದ ಊರಿನವರು ನಾವು, ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಟಿಸ್ಸಿನ ಆಟ ಇನ್ನೂ ಜೋರಾಗುವುದು ತ್ರಿಕೋನಗಳಲ್ಲಿ. ಮೂರು ಮೂಲೆಯಲ್ಲಿ ಮೂರು ಬಾಣ ಇಡಿ. ನಿಯಮ ಒಂದೇ, ಪಕ್ಕದವರು ಎದುರುಬದುರಾಗಿರಬೇಕು. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಮೂರನೆಯದು? ಯಾವ ಕಡೆ ತಿರುಗಿದರೂ ಒಬ್ಬರ ಜೊತೆ ಮುನಿಸು ತಪ್ಪಿದ್ದಲ್ಲ. ಇದಕ್ಕೆ ಫ್ರಸ್ಟ್ರೇಶನ್ ಅಂತಲೇ ಹೆಸರು. ಚೌಕದಲ್ಲಿ ಈ ತೊಂದರೆ ಇಲ್ಲ. ಹೀಗೆ ತ್ರಿಕೋನಗಳನ್ನು ಹರಡಿದ ಜಾಲದಲ್ಲಿ, ಬಾಣ ಮೇಲೆ ಅಥವಾ ಕೆಳಗೆ ಮಾತ್ರ ಇರಬಹುದು ಅಂತಾದರೆ, ಪೂರ್ತಿ ತಣ್ಣಗಾದರೂ ವ್ಯವಸ್ಥೆ ಒಂದು ಕ್ರಮಕ್ಕೆ ಬರುವುದಿಲ್ಲ ಅಂತ 1950ರಲ್ಲಿ ವಾನಿಯರ್ ಲೆಕ್ಕ ಮಾಡಿ ತೋರಿಸಿದರು. 1973ರಲ್ಲಿ ಫಿಲಿಪ್ ಆಂಡರ್ಸನ್ ಇನ್ನೂ ಮುಂದೆ ಹೋದರು. ಬಾಣಗಳು ನಿಲ್ಲುವ ಬದಲು ಜೋಡಿ ಕಟ್ಟಿಕೊಳ್ಳುತ್ತಾ, ಜೋಡಿ ಬದಲಿಸುತ್ತಾ ಇರುವ ಒಂದು ಸ್ಥಿತಿ ಸಾಧ್ಯ ಅಂದರು. ಈಗ ಅದನ್ನು ಕ್ವಾಂಟಮ್ ಸ್ಪಿನ್ ಲಿಕ್ವಿಡ್ ಅನ್ನುತ್ತಾರೆ.

ತ್ರಿಕೋನಗಳನ್ನು ಬದಿಗೆ ಬದಿ ಸೇರಿಸದೆ, ಮೂಲೆಗೆ ಮೂಲೆ ಮಾತ್ರ ತಾಗಿಸಿದರೆ ನಡುವೆ ಆರು ಮೂಲೆಯ ಕಿಂಡಿಗಳು ಉಳಿಯುತ್ತವೆ. ಮೂರು ದಿಕ್ಕಿನಿಂದ ಬಿದಿರಿನ ಸೀಳು ಹಾಯಿಸಿ ದೊಡ್ಡ ಕಣ್ಣಿನ ಬುಟ್ಟಿ ಹೆಣೆದರೆ ಬರುವ ವಿನ್ಯಾಸವೇ ಅದು. 1951ರಲ್ಲಿ ಜಪಾನಿನಲ್ಲಿ ಅದಕ್ಕೆ ಕಗೋಮೆ ಲ್ಯಾಟಿಸ್ ಅಂತ ಹೆಸರಿಟ್ಟರು. ಇಲ್ಲಿ ಬಾಣಗಳಿಗೆ ಇನ್ನೂ ಜಾಸ್ತಿ ಸ್ವಾತಂತ್ರ್ಯ. ಒಂದು ತ್ರಿಕೋನ ತನ್ನ ಜಗಳ ಹೇಗೋ ಬಗೆಹರಿಸಿಕೊಂಡರೂ ಅದು ಪಕ್ಕದ ತ್ರಿಕೋನವನ್ನು ಕಟ್ಟಿಹಾಕುವುದಿಲ್ಲ.

ಈ ಜೋಡಣೆ ಪ್ರಕೃತಿಯಲ್ಲೇ ಇರುವ ಒಂದು ಖನಿಜ ಹರ್ಬರ್ಟ್‌ಸ್ಮಿತೈಟ್. ತಾಮ್ರ, ಸತು, ಕ್ಲೋರಿನ್ ಇರುವ ಹಸಿರು ಹರಳು, ಚಿಲಿ ದೇಶದಲ್ಲಿ ಸಿಕ್ಕಿ 2004ರಲ್ಲಿ ಹೆಸರು ಪಡೆಯಿತು. ಅದರ ತಾಮ್ರದ ಪರಮಾಣುಗಳ ನಡುವಿನ ಎಳೆತ ಎಷ್ಟೆಂದರೆ, ಸಾಮಾನ್ಯ ಲ್ಯಾಟಿಸ್ಸಿನಲ್ಲಿದ್ದರೆ ಮೈನಸ್ 100 ಡಿಗ್ರಿಗಿಂತ ಸ್ವಲ್ಪ ಕೆಳಗೇ ಬಾಣಗಳು ಸಾಲುಗಟ್ಟುವ ನಿರೀಕ್ಷೆ ಇಡಬಹುದಿತ್ತು. ಆದರೆ ಪರಮ ಶೂನ್ಯಕ್ಕೆ (ಸುಮಾರು ಮೈನಸ್ 273 ಡಿಗ್ರಿ) ಒಂದು ಡಿಗ್ರಿಯ ಇಪ್ಪತ್ತನೇ ಒಂದು ಪಾಲಿನಷ್ಟು ಹತ್ತಿರ ಕೊಂಡೊಯ್ದರೂ ಸಾಲುಗಟ್ಟಲಿಲ್ಲ. 2012ರಲ್ಲಿ ಅಮೆರಿಕದ ಎಂಐಟಿಯ ಯಂಗ್ ಲೀ ತಂಡ ದೊಡ್ಡ ಹರಳು ಬೆಳೆಸಿ ನ್ಯೂಟ್ರಾನ್ ಪ್ರಯೋಗ ಮಾಡಿತು. ಸ್ಪಿನ್ ಲಿಕ್ವಿಡ್‌ಗೆ ಹೊಂದುವ ಲಕ್ಷಣ ಕಂಡಿತು. ಇಲ್ಲೂ ಕಲಬೆರಕೆಯ ತಲೆನೋವು ಬಿಡಲಿಲ್ಲ. ಸತು ಇರಬೇಕಾದ ಜಾಗಗಳಲ್ಲಿ ಕೆಲವು ಕಡೆ ತಾಮ್ರ ಹೋಗಿ ಕೂತಿರುತ್ತದೆ. ಅತಿ ತಣ್ಣನೆಯಲ್ಲಿ ಕಾಣುವ ಸಂಕೇತದಲ್ಲಿ ಎಷ್ಟು ಪಾಲು ಕಗೋಮೆಯದ್ದು, ಎಷ್ಟು ಪಾಲು ಈ ತಪ್ಪು ಜಾಗದವರದ್ದು ಅಂತ ಬಿಡಿಸುವುದರಲ್ಲೇ ವರ್ಷಗಳು ಹೋಗಿವೆ. ತ್ರಿಕೋನ ಜಾಲದ ಇನ್ನೊಂದು ವಸ್ತು, ಯಟರ್ಬಿಯಂ, ಮೆಗ್ನೀಸಿಯಂ, ಗ್ಯಾಲಿಯಂ ಇರುವ ಆಕ್ಸೈಡ್, 2016ರಲ್ಲಿ ಸ್ಪಿನ್ ಲಿಕ್ವಿಡ್ ಅಂತ ಭಾರೀ ಹೆಸರು ಮಾಡಿತು. ಮರುವರ್ಷವೇ ಬೇರೆಯವರು, ಮೆಗ್ನೀಸಿಯಂ ಮತ್ತು ಗ್ಯಾಲಿಯಂ ಅದಲುಬದಲಾಗಿ ಕೂತ ಗೊಂದಲವೇ ಲಿಕ್ವಿಡ್‌ನ ವೇಷ ಹಾಕಬಲ್ಲದು ಅಂತ ತೋರಿಸಿದರು.

ಜೇನುಗೂಡಿನ ಆಕಾರದ ಜಾಲದ ಕಥೆಯೂ ಇದೇ ದಾರಿ. 2006ರಲ್ಲಿ ಅಲೆಕ್ಸಿ ಕಿತಾಯೆವ್ ಆ ಜಾಲದ ಮೇಲೆ ಪೂರ್ತಿ ಬಿಡಿಸಬಹುದಾದ ಒಂದು ಸ್ಪಿನ್ ಲಿಕ್ವಿಡ್ ಮಾದರಿ ಕಟ್ಟಿದರು, ಕ್ವಾಂಟಮ್ ಕಂಪ್ಯೂಟರಿನವರ ಕಣ್ಣು ಅದರ ಮೇಲೆ ಬಿತ್ತು. ಹತ್ತಿರದ ವಸ್ತು ರುಥೇನಿಯಂ ಕ್ಲೋರೈಡ್. ಅದರ ಪದರಗಳು ಸರಿಯಾಗಿ ಒಂದರ ಮೇಲೊಂದು ಕೂತರೆ ಪರಮ ಶೂನ್ಯಕ್ಕಿಂತ 7 ಡಿಗ್ರಿ ಮೇಲೆ ಬಾಣಗಳು ಸಾಲುಗಟ್ಟುತ್ತವೆ. ಪದರಗಳು ಅಡ್ಡಾದಿಡ್ಡಿ ಕೂತ ಮಾದರಿಯಲ್ಲಿ ಅದೇ 14 ಡಿಗ್ರಿಗೇ ಆಗಿಬಿಡುತ್ತದೆ.

ಇಷ್ಟಾದರೂ ಎಲ್ಲವೂ ಅನುಮಾನದ್ದೇ ಅಲ್ಲ. ಗಟ್ಟಿಯಾಗಿ ನಿಂತದ್ದು ಸ್ಪಿನ್ ಐಸ್. ನಾಲ್ಕು ಮುಖದ ಪಿರಮಿಡ್ಡುಗಳನ್ನು ಮೂಲೆಗೆ ಮೂಲೆ ಜೋಡಿಸಿದರೆ ಬರುವ ಜಾಲಕ್ಕೆ ಪೈರೋಕ್ಲೋರ್ ಅನ್ನುತ್ತಾರೆ. ಹೋಲ್ಮಿಯಂ ಟೈಟನೇಟ್ ಅನ್ನುವ ವಸ್ತುವಿನಲ್ಲಿ ಹೋಲ್ಮಿಯಂ ಪರಮಾಣುಗಳು ಆ ಮೂಲೆಗಳಲ್ಲಿ ಕೂತಿವೆ. ಪ್ರತಿ ಪಿರಮಿಡ್ಡಿನಲ್ಲೂ ಎರಡು ಬಾಣ ಒಳಗೆ, ಎರಡು ಹೊರಗೆ. ನೀರಿನ ಮಂಜುಗಡ್ಡೆಯಲ್ಲಿ ಹೈಡ್ರೋಜನ್‌ಗಳು ಕೂರುವ ನಿಯಮವೂ ಇಂಥದ್ದೇ, ಅದಕ್ಕೇ ಐಸ್ ಅನ್ನುವ ಹೆಸರು. ಇದನ್ನು ಸಾಧಿಸುವ ದಾರಿಗಳು ಲೆಕ್ಕವಿಲ್ಲದಷ್ಟು, ಹಾಗಾಗಿ ಯಾವುದೊಂದೂ ಗೆಲ್ಲುವುದಿಲ್ಲ. 1997ರಲ್ಲಿ ಇದು ಗೊತ್ತಾಯಿತು. 1999ರಲ್ಲಿ ಡಿಸ್ಪ್ರೋಸಿಯಂ ಟೈಟನೇಟಿನಲ್ಲಿ ಉಳಿದುಕೊಂಡ ಗೊಂದಲವನ್ನು ಅಳೆದಾಗ, 1935ರಲ್ಲಿ ಲೈನಸ್ ಪೌಲಿಂಗ್ ನೀರಿನ ಮಂಜುಗಡ್ಡೆಗೆ ಮಾಡಿದ್ದ ಲೆಕ್ಕಕ್ಕೇ ಅದು ಹೊಂದಿತು. ಒಂದು ಬಾಣ ತಪ್ಪು ಕಡೆ ತಿರುಗಿದರೆ ಒಂದು ಪಿರಮಿಡ್ಡಿನಲ್ಲಿ ಮೂರು ಒಳಗೆ, ಪಕ್ಕದ್ದರಲ್ಲಿ ಮೂರು ಹೊರಗೆ. ಈ ಎರಡು ತಪ್ಪುಗಳು ದೂರ ದೂರ ಸರಿದು, ಒಂಟಿ ಉತ್ತರ ಧ್ರುವ, ಒಂಟಿ ದಕ್ಷಿಣ ಧ್ರುವ ಇದ್ದ ಹಾಗೆ ಓಡಾಡುತ್ತವೆ ಅಂತ 2008ರಲ್ಲಿ ಸಿದ್ಧಾಂತ ಬಂತು. ಮರುವರ್ಷ ಪ್ರಯೋಗಗಳೂ ಅದನ್ನು ಬೆಂಬಲಿಸಿದವು. ಮ್ಯಾಗ್ನೆಟ್ಟನ್ನು ಎಷ್ಟು ತುಂಡು ಮಾಡಿದರೂ ಎರಡು ಧ್ರುವ ಇದ್ದೇ ಇರುತ್ತದೆ ಅಂತ ಓದಿದ ನಮಗೆ ಇದು ಸಣ್ಣ ಆಘಾತವೇ, ಅಲ್ವಾ? ಇದೇ ಪೈರೋಕ್ಲೋರ್ ಜಾಲ ನಮ್ಮ ರಸ್ತೆ ಧೂಳಿನ ಆ ಕಪ್ಪು ಕಣದಲ್ಲೂ ಇದೆ. ಮ್ಯಾಗ್ನೆಟೈಟಿನ ಆರರ ಮನೆಯ ಕಬ್ಬಿಣಗಳು ಕೂತಿರುವುದು ಸರಿಯಾಗಿ ಅದೇ ವಿನ್ಯಾಸದಲ್ಲಿ. ಆಂಡರ್ಸನ್ 1956ರಲ್ಲೇ ಮ್ಯಾಗ್ನೆಟೈಟಿನ ವಿದ್ಯುದಾವೇಶಗಳ ಬಗ್ಗೆ ಬರೆಯುವಾಗ ಮಂಜುಗಡ್ಡೆಯ ಈ ನಿಯಮವನ್ನು ಎತ್ತಿದ್ದರು.

ಬಳಕೆಗೆ ಹತ್ತಿರ ಬಂದದ್ದೂ ಇದೆ. ಮ್ಯಾಂಗನೀಸ್ ಮತ್ತು ತವರದ ಒಂದು ಲೋಹದಲ್ಲಿ ಮ್ಯಾಂಗನೀಸ್ ಕಗೋಮೆ ಪದರದಲ್ಲಿ ಕೂತು, ಮೂರು ಬಾಣಗಳು 120 ಡಿಗ್ರಿ ಕೋನದಲ್ಲಿ ರಾಜಿ ಮಾಡಿಕೊಂಡಿವೆ. ಒಟ್ಟು ಕಾಂತಗುಣ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಕರೆಂಟ್ ಹರಿಸಿದರೆ ಅಡ್ಡಕ್ಕೆ ವೋಲ್ಟೇಜ್ ಹುಟ್ಟುತ್ತದೆ, ಅದೂ ಕೋಣೆಯ ಉಷ್ಣತೆಯಲ್ಲಿ. ಟೋಕಿಯೋದ ಸತೋರು ನಕತ್ಸುಜಿ ತಂಡ ಇದನ್ನು 2015ರಲ್ಲಿ ಪ್ರಕಟಿಸಿತು.

ನಮ್ಮವರ ಪಾಲೂ ಸಣ್ಣದಲ್ಲ. ಮುಂಬೈನ ಟಾಟಾ ಮೂಲ ಸಂಶೋಧನಾ ಸಂಸ್ಥೆಯಲ್ಲಿದ್ದ ಚಂಚಲ್ ಕುಮಾರ್ ಮಜುಂದಾರ್ ಮತ್ತು ದೀಪನ್ ಘೋಷ್ 1969ರಲ್ಲೇ ಸ್ಪಿನ್ ಸರಪಳಿಯೊಂದರ ಮುನಿಸನ್ನು ಪೂರ್ತಿ ಬಿಡಿಸಿದ್ದರು. 1981ರಲ್ಲಿ ಶ್ರೀರಾಮ್ ಶಾಸ್ತ್ರಿ, ಬಿಲ್ ಸದರ್ಲ್ಯಾಂಡ್ ಜೊತೆ ಸೇರಿ ಚೌಕಗಳ ನಡುವೆ ಓರೆ ಗೆರೆಗಳಿರುವ ಒಂದು ಲ್ಯಾಟಿಸ್ ಕಲ್ಪಿಸಿ ಉತ್ತರ ಕಂಡುಹಿಡಿದರು. ಆಗ ಅದು ಕಾಗದದ ಮೇಲಿನ ಲೆಕ್ಕ. 1999ರಲ್ಲಿ ಜಪಾನಿನವರು ಸ್ಟ್ರಾಂಷಿಯಂ ಕಾಪರ್ ಬೋರೇಟ್ ಅನ್ನುವ ವಸ್ತುವಿನಲ್ಲಿ ತಾಮ್ರಗಳು ಅದೇ ಜೋಡಣೆಯಲ್ಲಿರುವುದನ್ನು ಗುರುತಿಸಿದರು.

ಇದರಿಂದ ಬಳ್ಳಾರಿಗೆ ಏನು? ಅದಿರಿನ ರೇಟು ಟನ್ನಿಗೆ ಒಂದು ರೂಪಾಯಿಯೂ ಏರುವುದಿಲ್ಲ. ಹೆಮಟೈಟಿನ ಮೂಲಕ ಸ್ಪಿನ್ ಸಂಕೇತ ಹತ್ತಾರು ಮೈಕ್ರೋಮೀಟರ್ ದೂರ ಹೋಗುತ್ತದೆ ಅಂತ 2018ರಲ್ಲಿ ತೋರಿಸಿದ್ದಾರೆ. ಅದರ ತೆಳು ಪದರಗಳಲ್ಲಿ ಬಾಣಗಳ ಪುಟ್ಟ ಸುಳಿಗಳು ಕೋಣೆಯ ಉಷ್ಣತೆಯಲ್ಲೇ ನಿಲ್ಲುತ್ತವೆ ಅಂತ 2021ರಲ್ಲಿ ಬಂತು. ಚಿಪ್‌ಗೆ ಬೇಕಾಗುವುದು ಪ್ರಯೋಗಾಲಯದಲ್ಲಿ ಬೆಳೆಸಿದ ಕೆಲವೇ ನ್ಯಾನೋಮೀಟರ್ ದಪ್ಪದ ಪದರ, ಲಾರಿ ಲೋಡಲ್ಲ. ಆದರೆ ಹೆಮಟೈಟಿನ ದುರ್ಬಲ ಕಾಂತಗುಣ ಇಲ್ಲಿ ಈಗಾಗಲೇ ಕೆಲಸಕ್ಕೆ ಬಂದಿದೆ. ಅದಿರಿನ ಗುಣಮಟ್ಟ ಏರಿಸುವ ಬೆನಿಫಿಷಿಯೇಶನ್ ಪ್ಲಾಂಟುಗಳಲ್ಲಿ ಕಡಿಮೆ ಗ್ರೇಡಿನ ಫೈನ್ಸಿನಿಂದ (ಅದಿರಿನ ಪುಡಿ) ಹೆಮಟೈಟ್ ಎಳೆದು ತೆಗೆಯಲು 1 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಆಸುಪಾಸಿನ ಜೋರಾದ ಮ್ಯಾಗ್ನೆಟ್ ಬೇಕು. ಮ್ಯಾಗ್ನೆಟೈಟ್ ಆಗಿದ್ದರೆ ಅದರ ಹತ್ತನೇ ಒಂದು ಪಾಲು ಸಾಕಿತ್ತು. ಲ್ಯಾಟಿಸ್ಸಿನ ವ್ಯತ್ಯಾಸ ಕರೆಂಟ್ ಬಿಲ್ಲಿನಲ್ಲಿ ಕಾಣುತ್ತದೆ.

ನನಗೆ ಅನ್ನಿಸುವ ಇನ್ನೊಂದು ಮಾತಿದೆ. ಕ್ವಾಂಟಮ್ ಕಂಪ್ಯೂಟರ್ ಕಟ್ಟುವುದು ನಮ್ಮ ಕಡೆಯ ವಿಶ್ವವಿದ್ಯಾಲಯಗಳ ಕೈಗೆ ಸದ್ಯಕ್ಕೆ ಎಟಕುವ ಕೆಲಸ ಅಲ್ಲ. ಹರಳು ಬೆಳೆಸುವುದು ಎಟಕುತ್ತದೆ. ಒಂದು ಒಳ್ಳೆ ಫರ್ನೇಸ್, ನಿಖರವಾದ ತಕ್ಕಡಿ, ಎಕ್ಸ್‌ರೇ ಯಂತ್ರ, ಮತ್ತೆ ಮತ್ತೆ ಕರಗಿಸಿ ಬೆಳೆಸುವ ತಾಳ್ಮೆ. ಸಂಡೂರಿನ ನಂದಿಹಳ್ಳಿಯಲ್ಲಿ ಖನಿಜ ಸಂಸ್ಕರಣೆ ಕಲಿಸುವ ಸ್ನಾತಕೋತ್ತರ ಕೇಂದ್ರವೇ ಇದೆ. ಮೇಲೆ ಹೇಳಿದ ಜಗಳಗಳಲ್ಲಿ ಹೆಚ್ಚಿನವು ಬಗೆಹರಿದದ್ದು ಅಥವಾ ಕೆರಳಿದ್ದು ಯಾರೋ ಇನ್ನೂ ಶುದ್ಧವಾದ ಹರಳು ಮಾಡಿದ ಮೇಲೆ. ನ್ಯೂಟ್ರಾನ್ ಪ್ರಯೋಗಕ್ಕೆ ಟ್ರಾಂಬೆಯ ಧ್ರುವ ರಿಯಾಕ್ಟರ್ ಇದೆ, ಆದರೆ ಅಲ್ಲಿಗೆ ತೆಗೆದುಕೊಂಡು ಹೋಗಲು ಮೊದಲು ಕೈಯಲ್ಲಿ ಹರಳು ಇರಬೇಕಲ್ಲ.

ಹೆಮಟೈಟಿಗೂ ಒಂದು ಪರೀಕ್ಷೆ ಇದೆ. ಅದರಲ್ಲಿ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ, ಆದ್ದರಿಂದ ಎಲೆಕ್ಟ್ರಾನ್‌ಗಳ ಸೀಳನ್ನು ತೋರಿಸಿ ಆಲ್ಟರ್‌ಮ್ಯಾಗ್ನೆಟ್ ಅನ್ನಿಸಿಕೊಳ್ಳುವುದು ಸುಲಭ ಅಲ್ಲ. ಇನ್ನೊಂದು ದಾರಿ ಸ್ಪಿನ್ ಅಲೆಗಳು. ಬಾಣಗಳ ಸಾಲಿನಲ್ಲಿ ಒಂದನ್ನು ಅಲುಗಿಸಿದರೆ ಆ ಅಲುಗಾಟ ಅಲೆಯಾಗಿ ಹರಡುತ್ತದೆ. ಆಲ್ಟರ್‌ಮ್ಯಾಗ್ನೆಟ್ ಆದರೆ ಎಡಕ್ಕೆ ಸುತ್ತುವ ಅಲೆಗೂ ಬಲಕ್ಕೆ ಸುತ್ತುವ ಅಲೆಗೂ ಕೆಲವು ದಿಕ್ಕುಗಳಲ್ಲಿ ಶಕ್ತಿ ಬೇರೆ ಬೇರೆ ಇರಬೇಕು. ಮ್ಯಾಂಗನೀಸ್ ಟೆಲ್ಯುರೈಡಿನಲ್ಲಿ 2024ರಲ್ಲಿ ನ್ಯೂಟ್ರಾನ್‌ಗಳಿಂದ ಇದನ್ನು ಕಂಡರು. ಹೆಮಟೈಟಿನ ಸ್ಪಿನ್ ಅಲೆಗಳನ್ನು ಸ್ಯಾಮುಯೆಲ್ಸನ್ ಮತ್ತು ಶಿರಾನೆ 1970ರಲ್ಲೇ ಅಳೆದಿಟ್ಟಿದ್ದಾರೆ, ಆದರೆ ಆಗ ಇಂಥ ಸೀಳು ಹುಡುಕಬೇಕು ಅನ್ನುವ ಪ್ರಶ್ನೆಯೇ ಹುಟ್ಟಿರಲಿಲ್ಲ.